ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಬೇರೆಯವರ ತಪ್ಪಿಗೆ ಗಂಟಲು ಹರಿದುಕೊಳ್ಳೋದರಲ್ಲಿ ನಾವು ಆ್ಯಂಕರ್‌ಗಳು ಗಟ್ಟಿಗರು. ನಮ್ಮ ತಪ್ಪಿನ ವಿಷಯ ಬಂದಾಗ ಮಾತ್ರ ‘ಈಗೊಂದು ಚಿಕ್ಕ ಬ್ರೇಕ್’. ಈ ಸಲ ಬ್ರೇಕ್ ಇಲ್ಲ.

2016ರ ನವೆಂಬರ್ 8, ಮಂಗಳವಾರ. ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿವಿಗೆ ಬಂದು 500 ಮತ್ತು 1000 ರೂಪಾಯಿಯ ನೋಟುಗಳು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿ ಇರೋದಿಲ್ಲ ಅಂತ ಘೋಷಿಸಿದ ದಿನ. ನಮ್ಮ ನ್ಯೂಸ್‌ರೂಮ್ ಹೇಗಿತ್ತು ಅಂದ್ರೆ, ಸಂತೆಯಲ್ಲಿ ಹೋರಿ ನುಗ್ಗಿದ ಹಾಗೆ. ಊಟ ಇಲ್ಲ, ಕಾಫಿ ಇಲ್ಲ, ಜೇಬಲ್ಲಿದ್ದ ನೋಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಸುದ್ದಿ ಓದುತ್ತಿದ್ದೆವು. ಅದೇ ಹೊತ್ತಿಗೆ ಎಲ್ಲರ ಮೊಬೈಲಿಗೂ ಒಂದು ಮೆಸೇಜು ಬಂತು. ಹೊಸ 2000 ರೂಪಾಯಿ ನೋಟಿನಲ್ಲಿ ‘ನ್ಯಾನೋ ಜಿಪಿಎಸ್ ಚಿಪ್’ ಇದೆ. ಅದಕ್ಕೆ ಬ್ಯಾಟರಿಯೇ ಬೇಡ. ಉಪಗ್ರಹದಿಂದ ಬಂದ ಸಿಗ್ನಲ್ಲನ್ನು ಅದು ವಾಪಸ್ ಪ್ರತಿಫಲಿಸುತ್ತೆ. ನೋಟನ್ನು ಭೂಮಿಯ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಸರ್ಕಾರಕ್ಕೆ ಗೊತ್ತಾಗುತ್ತೆ. ಒಂದೇ ಕಡೆ ತುಂಬಾ ನೋಟು ಸೇರಿದರೆ ಆದಾಯ ತೆರಿಗೆಯವರು ಬಾಗಿಲು ಬಡೀತಾರೆ.

ಅಷ್ಟರಲ್ಲಿ ಬೇರೆ ಕೆಲವು ಚಾನೆಲ್‌ಗಳಲ್ಲಿ ಅದು ಬಂದಾಗಿತ್ತು. ಔಟ್‌ಪುಟ್ ಡೆಸ್ಕಿನಿಂದ ಒಂದೇ ಕೂಗು: “ಅವರು ಹಾಕಿದಾರೆ, ನಾವ್ಯಾಕೆ ಇನ್ನೂ ಹಾಕಿಲ್ಲ?” ಈ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ನಮ್ಮ ಉದ್ಯಮದಲ್ಲಿ ಇನ್ನೊಂದಿಲ್ಲ. ಹತ್ತೇ ನಿಮಿಷದಲ್ಲಿ ಗ್ರಾಫಿಕ್ಸ್ ರೆಡಿ. ಆಕಾಶದಲ್ಲಿ ಒಂದು ಉಪಗ್ರಹ, ಅದರಿಂದ ಇಳಿಯುವ ಕೆಂಪು ಕಿರಣ, ಕೆಳಗೆ ಒಂದು ಬಂಗಲೆ, ಬಂಗಲೆಯ ನೆಲಮಾಳಿಗೆಯಲ್ಲಿ ಮಿಣುಕುವ ಗುಲಾಬಿ ನೋಟು. ಟೆಲಿಪ್ರಾಂಪ್ಟರ್‌ನಲ್ಲಿ ಬಂದದ್ದನ್ನು ಓದಿದೆ. ಓದಿ ಸುಮ್ಮನಾಗಿದ್ದರೆ ಅರ್ಧ ತಪ್ಪು ಅನ್ನಬಹುದಿತ್ತು. ನನ್ನ ಕಡೆಯಿಂದ ಒಗ್ಗರಣೆ ಬೇರೆ ಹಾಕಿದೆ: “ಕಾಳಧನಿಕರೇ, ನೆಲದೊಳಗೆ ಹೂತಿಟ್ಟರೂ ಬಿಡಲ್ಲ!” ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಬಿತ್ತು.

ಆಗ ನಾನಿದ್ದ ಚಾನೆಲ್ಲಿನ ಹೆಸರು ಬೇಡ. ಬಾಯಿ ನನ್ನದು ತಾನೇ.

ಅರಸೀಕೆರೆ ಕಡೆ ನಮ್ಮ ದೊಡ್ಡಮ್ಮ ಇದ್ದಾಳೆ. ದೊಡ್ಡಪ್ಪ ಹೋದ ಮೇಲೆ ನಾಲ್ಕು ಸಾಲು ತೆಂಗು, ಎರಡು ಹಸು, ಅವಳ ಸಾಮ್ರಾಜ್ಯ. ಕೊಬ್ಬರಿ ಮಾರಿದ ದುಡ್ಡು, ಡೇರಿಗೆ ಹಾಲು ಹಾಕಿದ ದುಡ್ಡು, ಒಂದೊಂದೇ ಐನೂರರ ನೋಟು ಮಾಡಿ ಟ್ರಂಕಿನಲ್ಲಿ ಇಟ್ಟಿದ್ದಳು. ನೋಟು ರದ್ದಾದಾಗ ಬ್ಯಾಂಕಿನ ಮುಂದೆ ಎರಡು ದಿನ ಬಿಸಿಲಲ್ಲಿ ನಿಂತು ಎಲ್ಲ ಕಟ್ಟಿ ಬಂದಳು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ತೆಗೆದಳು. ಕೈಗೆ ಬಂದದ್ದು ಬರೀ ಎರಡು ಸಾವಿರದ ನೋಟು. ಹತ್ತೊಂಬತ್ತು ನೋಟು, ಮೂವತ್ತೆಂಟು ಸಾವಿರ ರೂಪಾಯಿ.

2017ರ ಯುಗಾದಿಗೆ ಊರಿಗೆ ಹೋದಾಗ ವಿಷಯ ಗೊತ್ತಾಯಿತು. ಕೊಬ್ಬರಿ ವ್ಯಾಪಾರಕ್ಕೆ ಬರುವ ಒಬ್ಬ ದಲ್ಲಾಳಿ ಹೇಳಿದನಂತೆ: “ಅಮ್ಮಾ, ಹತ್ತೊಂಬತ್ತು ನೋಟು ಒಂದೇ ಟ್ರಂಕಲ್ಲಿ ಇಟ್ಟಿದ್ಯಲ್ಲ, ಮೇಲಿಂದ ಕಾಣುತ್ತೆ. ಕೇಸ್ ಹಾಕ್ತಾರೆ. ನಂಗೆ ಕೊಡು, ನೂರರ ನೋಟು ಮಾಡಿಸಿ ಕೊಡ್ತೀನಿ.” ಕೊಟ್ಟಿದ್ದಾಳೆ. ಅವನು ‘ಖರ್ಚು ಬಂತು’ ಅಂತ ಹತ್ತು ಸಾವಿರ ಮುರಿದುಕೊಂಡು ಇಪ್ಪತ್ತೆಂಟು ಸಾವಿರ ಕೊಟ್ಟಿದ್ದಾನೆ.

ನಾನು ರೇಗಿದೆ. “ಅಲ್ಲ ದೊಡ್ಡಮ್ಮ, ಯಾರೋ ಹೇಳಿದ್ರು ಅಂತ ನಂಬಿಬಿಡೋದಾ? ಸ್ವಂತ ಬುದ್ಧಿ ಬೇಡ್ವಾ?”

ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. ಒಬ್ಬಟ್ಟು ತಿರುವಿ ಹಾಕುತ್ತಾ ಅಂದಳು: “ಅವ್ನು ಹೇಳಿದ್ದಕ್ಕೆ ನಾನು ನಂಬ್ಲಿಲ್ಲ ಕಣಪ್ಪ. ನೀನೇ ಟಿವಿಲಿ ಹೇಳ್ದಲ್ಲ, ನೆಲದೊಳಗೆ ಹೂತಿಟ್ರೂ ಬಿಡಲ್ಲ ಅಂತ. ನಮ್ಮ ಹುಡುಗ ಸುಳ್ಳು ಹೇಳ್ತಾನಾ ಅಂತ ಕೊಟ್ಟೆ.”

ಹತ್ತು ಸಾವಿರ ಕೊಡಲು ಹೋದೆ. ಬೇಡ ಅಂತಾಳೆ ಅಂದುಕೊಂಡಿದ್ದೆ. ತಗೊಂಡಳು. ಎಣಿಸಿಯೂ ನೋಡಿದಳು.

ಅಂದಿನಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಸ್ವಂತ ಬುದ್ಧಿಯಿಂದ ಯೋಚಿಸೋದು ಅಂದ್ರೆ ನಿಜವಾಗಿ ಏನು? ನಾನು ಇಂಗ್ಲಿಷ್ ಓದಿದವನು, ದಿನಕ್ಕೆ ಆರು ಪೇಪರ್ ನೋಡುವವನು, ನಾನು ಯೋಚಿಸಲಿಲ್ಲ. ಅಕ್ಷರ ಕೂಡಿಸಿ ಓದುವ ದೊಡ್ಡಮ್ಮ ಕನಿಷ್ಠ ಒಂದು ಕೆಲಸ ಮಾಡಿದ್ದಳು. ದಲ್ಲಾಳಿಯ ಮಾತನ್ನು ತನಗೆ ಗೊತ್ತಿದ್ದ ಇನ್ನೊಂದು ಮೂಲದ ಜೊತೆ ತಾಳೆ ಹಾಕಿದ್ದಳು. ಆ ಮೂಲ ನಾನು. ಮೂಲವೇ ಕೆಟ್ಟಿತ್ತು, ಅದು ಅವಳ ತಪ್ಪಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ ನೋಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎಲ್ಲರೂ ಇದನ್ನು ದಡ್ಡರನ್ನು ಆಡಿಕೊಳ್ಳೋಕೆ ಬಳಸ್ತಾರೆ. ಆದರೆ ಗಮನಿಸಿ, ಕೊಟ್ಟಿಗೆಗೆ ಕಟ್ಟು ಅಂದವನು ದಡ್ಡನಲ್ಲ, ಅವಸರದವನು. ಕರು ಹುಟ್ಟಿದರೆ ಏನು ಮಾಡಬೇಕು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿದೆ. ಎತ್ತು ಈಯುತ್ತಾ ಅಂತ ಒಂದು ಕ್ಷಣ ನಿಂತು ಕೇಳಿಕೊಳ್ಳೋಕೆ ಪುರುಸೊತ್ತಿಲ್ಲ, ಅಷ್ಟೇ. ಅವತ್ತು ನಮ್ಮ ನ್ಯೂಸ್‌ರೂಮಿನಲ್ಲಿ ಮೂವತ್ತು ಜನ ಇದ್ದೆವು. ಒಬ್ಬರೂ ಎತ್ತಿನ ಹತ್ತಿರ ಹೋಗಲಿಲ್ಲ, ಎಲ್ಲರೂ ಹಗ್ಗ ಹುಡುಕುತ್ತಿದ್ದೆವು.

ಒಂದು ನಿಮಿಷ ನಿಂತಿದ್ದರೆ ಏನು ಕೇಳಬಹುದಿತ್ತು? ರಾಕೆಟ್ ವಿಜ್ಞಾನ ಏನೂ ಬೇಡ. ನಿಮ್ಮ ಮೊಬೈಲಿನಲ್ಲಿ ಜಿಪಿಎಸ್ ಇದೆಯಲ್ಲ, ಅದು ಕೆಲಸ ಮಾಡೋದು ಹೀಗೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಅಂತ ಸಾರುತ್ತಾ ಇರುತ್ತವೆ. ಡಂಗುರ ಹೊಡೆದ ಹಾಗೆ. ನಿಮ್ಮ ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಡಂಗುರ ಕೇಳಿಸಿಕೊಂಡು, ಯಾವುದು ಎಷ್ಟು ಹೊತ್ತಿಗೆ ಬಂತು ಅಂತ ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆ ಅಂತ ತಾನೇ ತಿಳಿದುಕೊಳ್ಳುತ್ತೆ. ಉಪಗ್ರಹಕ್ಕೆ ನಿಮ್ಮ ಫೋನು ಇರೋದೇ ಗೊತ್ತಿಲ್ಲ! ಡಂಗುರ ಹೊಡೆಯುವವನಿಗೆ ಯಾವ ಮನೆಯಲ್ಲಿ ಯಾರು ಕೇಳಿಸಿಕೊಂಡರು ಅಂತ ಗೊತ್ತಾಗುತ್ತಾ? ಊಟ ತರುವ ಹುಡುಗನ ಬೈಕು ನಿಮ್ಮ ಸ್ಕ್ರೀನಿನಲ್ಲಿ ಓಡಾಡುತ್ತಲ್ಲ, ಆ ಮಾಹಿತಿ ಬರೋದು ಉಪಗ್ರಹದಿಂದಲ್ಲ. ಅವನ ಫೋನು ಮೊಬೈಲ್ ಟವರಿನ ಮೂಲಕ ಕಳಿಸುತ್ತೆ. ಅದಕ್ಕೆ ಬ್ಯಾಟರಿ ಬೇಕು, ಸಿಮ್ಮು ಬೇಕು, ನೆಟ್‌ವರ್ಕು ಬೇಕು.

ಇನ್ನು 120 ಮೀಟರ್ ಆಳದ ಕಥೆ. ಉಪಗ್ರಹದಿಂದ ಬರುವ ಸಿಗ್ನಲ್ಲು ನೆಲ ಮುಟ್ಟುವ ಹೊತ್ತಿಗೆ ಬಲು ಕ್ಷೀಣವಾಗಿರುತ್ತೆ. ಮಾಲಿನ ಬೇಸ್‌ಮೆಂಟಿಗೆ ಕಾರು ಇಳಿಸಿದ ತಕ್ಷಣ ಮ್ಯಾಪ್ ದಾರಿ ತಪ್ಪುತ್ತೆ ಅಲ್ವಾ? ಹತ್ತಡಿ ಕಾಂಕ್ರೀಟ್ ದಾಟಲಾರದ್ದು ನಲವತ್ತು ಮಹಡಿಯಷ್ಟು ಮಣ್ಣು, ಬಂಡೆ ದಾಟಿ ಒಂದು ಕಾಗದಕ್ಕೆ ತಾಗಿ ವಾಪಸ್ ಆಕಾಶಕ್ಕೆ ಹೋಗುತ್ತಂತೆ.

ಬುದ್ಧಿವಂತ ಓದುಗರು ಇಲ್ಲೊಂದು ಪ್ರಶ್ನೆ ಎತ್ತಬಹುದು, ಎತ್ತಬೇಕು ಕೂಡ: “ಸ್ವಾಮಿ, ಕಾರಿನ ಫಾಸ್ಟ್ಯಾಗಿಗೂ ಬ್ಯಾಟರಿ ಇಲ್ವಲ್ಲ? ಅದು ಹೇಗೆ ಟೋಲ್‌ಗೇಟಿನಲ್ಲಿ ಮಾತಾಡುತ್ತೆ?” ಒಳ್ಳೇ ಪ್ರಶ್ನೆ. ಫಾಸ್ಟ್ಯಾಗಿಗೆ ಬ್ಯಾಟರಿ ಇಲ್ಲ, ನಿಜ. ಟೋಲ್‌ಗೇಟಿನ ರೀಡರು ಕಳಿಸುವ ರೇಡಿಯೋ ಅಲೆಯ ಶಕ್ತಿಯನ್ನೇ ಎರವಲು ಪಡೆದು ಅದು ಉತ್ತರ ಕೊಡುತ್ತೆ. ಆದರೆ ರೀಡರು ತಲೆ ಮೇಲೇ ಇರಬೇಕು, ಕೆಲವೇ ಮೀಟರ್ ದೂರದಲ್ಲಿ. ಕೆಲವು ಸಲ ಅಷ್ಟು ಹತ್ತಿರ ಇದ್ದರೂ ಓದದೆ, ಹುಡುಗ ಕೈಯಲ್ಲಿ ಯಂತ್ರ ಹಿಡಿದು ಗಾಜಿನ ಹತ್ತಿರ ಬರಬೇಕಾಗುತ್ತೆ. ಮೀಟರಿಗೆ ಹೀಗಾದರೆ 20,000 ಕಿಲೋಮೀಟರಿಗೆ?

ಇಷ್ಟೆಲ್ಲ ವಿಜ್ಞಾನ ಗೊತ್ತಿಲ್ಲದಿದ್ದರೂ ಇನ್ನೊಂದು ದಾರಿ ಇತ್ತು. ರಿಸರ್ವ್ ಬ್ಯಾಂಕ್ ಅದೇ ದಿನ ಹೊಸ ನೋಟಿನ ಬಗ್ಗೆ ಪತ್ರಿಕಾ ಪ್ರಕಟಣೆ ಹೊರಡಿಸಿತ್ತು. ನೋಟಿನ ಅಳತೆ 66 ಮಿಲಿಮೀಟರ್ ಬೈ 166 ಮಿಲಿಮೀಟರ್, ಹಿಂದೆ ಮಂಗಳಯಾನದ ಚಿತ್ರ, ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ಎಳೆ, ಕಣ್ಣು ಕಾಣದವರು ಮುಟ್ಟಿ ತಿಳಿಯಲು ಉಬ್ಬಿದ ಗೆರೆ, ಎಲ್ಲ ಪಟ್ಟಿ ಮಾಡಿತ್ತು. ಚಿಪ್ಪಿನ ಸುದ್ದಿ ಇರಲಿಲ್ಲ. ಓದೋಕೆ ಐದು ನಿಮಿಷ ಸಾಕು. ಗ್ರಾಫಿಕ್ಸ್ ಮಾಡೋಕೆ ಹತ್ತು ನಿಮಿಷ ಕೊಟ್ಟ ನಾವು ಆ ಐದು ನಿಮಿಷ ಕೊಡಲಿಲ್ಲ. ನೋಟು ಅಚ್ಚಾಗುವ ಮುದ್ರಣಾಲಯ ನಮ್ಮ ಮೈಸೂರಿನಲ್ಲೇ ಇದೆ, ಅದನ್ನು ಬೇರೆ ಹೇಳಬೇಕಾ!

ಈಗ ನಮ್ಮ ಉದ್ಯಮದ ಗುಟ್ಟು ಸ್ವಲ್ಪ ಬಿಟ್ಟುಕೊಡ್ತೀನಿ, ಸಹೋದ್ಯೋಗಿಗಳು ಬೈದುಕೊಳ್ಳಲಿ. ಸ್ಕ್ರೀನಿನ ಮೇಲೆ ‘ನೋಟಿನೊಳಗೆ ಚಿಪ್?’ ಅಂತ ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಅದರ ಅರ್ಥ ‘ನಮಗೆ ಗೊತ್ತಿಲ್ಲ, ಆದರೆ ಹೇಳದೇ ಇರೋಕೆ ಆಗ್ತಿಲ್ಲ’ ಅಂತ. ‘ಎನ್ನಲಾಗುತ್ತಿದೆ’ ಅಂದ್ರೆ ಯಾರು ಅಂದರು ಅಂತ ನಮಗೂ ತಿಳಿಯದು. ‘ಮೂಲಗಳ ಪ್ರಕಾರ’ ಅನ್ನೋದರಲ್ಲಿ ಎರಡು ಜಾತಿ. ಕೆಲವು ಸಲ ನಿಜವಾಗಿಯೂ ಒಬ್ಬ ಅಧಿಕಾರಿ ಹೆಸರು ಹೇಳಬೇಡಿ ಅಂತ ಮಾಹಿತಿ ಕೊಟ್ಟಿರುತ್ತಾರೆ. ಕೆಲವು ಸಲ ಮೂಲ ಅಂದ್ರೆ ಪಕ್ಕದ ಚಾನೆಲ್ಲು. ‘ಸಾಂದರ್ಭಿಕ ಚಿತ್ರ’ ಅಂತ ಮೂಲೆಯಲ್ಲಿ ಸಣ್ಣಕ್ಷರ ಕಂಡರೆ, ನೀವು ನೋಡುತ್ತಿರೋದು ಆ ಘಟನೆಯಲ್ಲ. ಇವನ್ನು ಗುರುತಿಸೋಕೆ ಒಂದು ವಾರ ಅಭ್ಯಾಸ ಮಾಡಿ, ಟಿವಿ ಬೇರೆಯೇ ಕಾಣುತ್ತೆ. ನನ್ನ ಕಾರ್ಯಕ್ರಮವನ್ನೂ ಹಾಗೇ ನೋಡಿ.

ಆದರೆ ತಪ್ಪೆಲ್ಲ ಟಿವಿಯದ್ದು ಅಂದುಬಿಟ್ಟರೆ ಅದೂ ಸೋಮಾರಿತನವೇ. ನಮ್ಮ ತಲೆಯೊಳಗೇ ಒಂದು ಔಟ್‌ಪುಟ್ ಡೆಸ್ಕ್ ಇದೆ.

ಹೋದ ವರ್ಷ ದಾವಣಗೆರೆಯ ಒಂದು ಕಾಲೇಜಿಗೆ ಭಾಷಣಕ್ಕೆ ಕರೆದಿದ್ದರು. ಭಾಷಣ ಬಿಟ್ಟು ಒಂದು ಆಟ ಆಡಿಸಿದೆ. ಆಟ ನನ್ನದಲ್ಲ, ಪೀಟರ್ ವೇಸನ್ ಅನ್ನೋ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಪ್ರಯೋಗ. ಬೋರ್ಡಿನ ಮೇಲೆ 2, 4, 6 ಅಂತ ಬರೆದೆ. “ಈ ಮೂರು ಸಂಖ್ಯೆ ಒಂದು ನಿಯಮ ಪಾಲಿಸುತ್ತವೆ. ನಿಯಮ ನನ್ನ ಮನಸ್ಸಲ್ಲಿದೆ. ನೀವು ಬೇರೆ ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತೋ ಇಲ್ವೋ ನಾನು ಹೇಳ್ತೀನಿ. ಖಾತ್ರಿಯಾದಾಗ ನಿಯಮ ಹೇಳಿ.”

ಒಬ್ಬ ಎದ್ದು 8, 10, 12 ಅಂದ. ಹೊಂದುತ್ತೆ ಅಂದೆ. ಇನ್ನೊಬ್ಬ 20, 22, 24. ಹೊಂದುತ್ತೆ. ಮತ್ತೊಬ್ಬ 100, 102, 104. ಹೊಂದುತ್ತೆ. ಇಡೀ ಹಾಲು ಒಟ್ಟಿಗೆ ಕೂಗಿತು: “ಎರಡೆರಡು ಹೆಚ್ಚಾಗುವ ಸಮಸಂಖ್ಯೆ!” ತಪ್ಪು ಅಂದೆ. ಗಲಾಟೆಯೋ ಗಲಾಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು 6, 4, 2 ಅಂದಳು. ಹೊಂದಲ್ಲ ಅಂದೆ. “ಹಾಗಾದ್ರೆ ಸರ್, 1, 7, 50?” ಹೊಂದುತ್ತೆ. “ಸರ್, ಏರುತ್ತಾ ಹೋದ್ರೆ ಸಾಕು, ಅಷ್ಟೇ ಅಲ್ವಾ ನಿಯಮ?” ಅಷ್ಟೇ.

ವೇಸನ್ ಪ್ರಯೋಗದಲ್ಲೂ ಹೆಚ್ಚಿನವರು ಮೊದಲ ಸಲ ತಪ್ಪು ನಿಯಮವನ್ನೇ ಹೇಳಿದ್ದರು. ಯಾಕೆ ಅಂದ್ರೆ, ಮನಸ್ಸಿನಲ್ಲಿ ಒಂದು ಉತ್ತರ ಮೂಡಿದ ಮೇಲೆ ನಾವು ಕೇಳೋದೆಲ್ಲ ‘ಹೌದು’ ಅನ್ನಿಸಿಕೊಳ್ಳೋ ಪ್ರಶ್ನೆಯೇ. ಮೂರು ಸಲ ಹೌದು ಬಂದರೆ ಎದೆ ಉಬ್ಬುತ್ತೆ, ಆದರೆ ಹೊಸದೇನೂ ತಿಳಿದಿರೋದಿಲ್ಲ. ಆ ಹುಡುಗಿ ‘ಇಲ್ಲ’ ಅನ್ನಿಸಿಕೊಳ್ಳೋಕೆ ತಯಾರಾಗಿ ಎದ್ದಳು. ಇನ್ನೂರು ಜನರ ಮುಂದೆ. ನನ್ನನ್ನು ಕೇಳಿದರೆ, ವಿಮರ್ಶಾತ್ಮಕ ಚಿಂತನೆ ಅಂತ ಏನೇನೋ ದೊಡ್ಡ ಹೆಸರಿಟ್ಟು ಕರೀತೀವಲ್ಲ, ಅದರ ಮುಕ್ಕಾಲು ಪಾಲು ಇಷ್ಟೇ: ನನ್ನ ನಂಬಿಕೆ ತಪ್ಪಾಗಿದ್ದರೆ ಅದು ಎಲ್ಲಿ ಕಾಣಿಸುತ್ತೆ ಅಂತ ಹುಡುಕಿಕೊಂಡು ಅಲ್ಲಿಗೇ ಹೋಗೋದು. ಚಿಪ್ಪಿನ ರಾತ್ರಿ ನಾವೆಲ್ಲ 8, 10, 12 ಅಂತಲೇ ಕೂಗುತ್ತಿದ್ದೆವು. ತಂತ್ರಜ್ಞಾನ ಎಷ್ಟು ಮುಂದುವರಿದಿದೆ ನೋಡಿ, ಹೌದು. ನೋಟಿನ ಹಿಂದೆ ಮಂಗಳಯಾನವೇ ಇದೆಯಲ್ಲ, ಹೌದು. ಬೇರೆ ಚಾನೆಲ್ಲೂ ಹೇಳ್ತಿದೆ, ಹೌದು ಹೌದು.

ನನ್ನ ಒಗ್ಗರಣೆಗೆ ದೊಡ್ಡಮ್ಮನ ಹತ್ತು ಸಾವಿರ ಹೋಯಿತು. ಎಲ್ಲ ಸುಳ್ಳಿಗೂ ಬೆಲೆ ಅಷ್ಟರಲ್ಲೇ ಮುಗಿಯೋದಿಲ್ಲ. 2018 ನೆನಪಿದೆಯಾ? ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವದಂತಿ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು, ಅದೇ ಅಪರಾಧ. ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ.

ಆ ದಿನಗಳಲ್ಲಿ ಹರಿದಾಡಿದ ಒಂದು ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ನೋಡಿದರೆ ಹೊಟ್ಟೆ ಕಲಸುತ್ತೆ. ಆ ವಿಡಿಯೋ ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಮಾಡಿದ್ದ ಜಾಗೃತಿ ಚಿತ್ರ ಅದು. ಪೂರ್ತಿ ಚಿತ್ರದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಮಗು ಕದಿಯೋಕೆ ಎಷ್ಟು ಕಡಿಮೆ ಹೊತ್ತು ಸಾಕು ನೋಡಿ ಅಂತ ಎಚ್ಚರಿಸುವ ಫಲಕ ತೋರಿಸ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದದ್ದನ್ನು ನಾವು ‘ನಮ್ಮೂರಿನ ಪಕ್ಕದಲ್ಲೇ’ ಅಂತ ಸೇರಿಸಿ ಫಾರ್ವರ್ಡ್ ಮಾಡಿದೆವು. ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇದರ ಮುಂದಿನ ಭಾಗ ಎಲ್ಲಿ? ಇಷ್ಟಾದ ಮೇಲೆ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಹಾಕಿತು. ಬೆರಳಿಗೆ ಮಿತಿ ಹಾಕಬಹುದು, ತಲೆಗೆ ಯಾರು ಹಾಕ್ತಾರೆ?

ವಿಡಿಯೋ, ಲೇಖನ ನಿಜವೋ ಸುಳ್ಳೋ ಅಂತ ನೋಡೋದು ಹೇಗೆ ಅಂತ ಜನ ನನ್ನನ್ನು ಕೇಳ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಇತಿಹಾಸದ ಪ್ರಾಧ್ಯಾಪಕರು, ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ವೃತ್ತಿಪರ ಸತ್ಯಶೋಧಕರು, ಮೂವರಿಗೂ ಒಂದೇ ಥರದ ವೆಬ್‌ಸೈಟ್ ಕೊಟ್ಟು ಇದನ್ನು ನಂಬಬಹುದಾ ಅಂತ ಕೇಳಿದರು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಚಂದದ ಲೋಗೋ, ಗಂಭೀರ ಭಾಷೆ ನೋಡಿ ಹಲವರು ಮೋಸಹೋದರು. ಸತ್ಯಶೋಧಕರು ಆ ಪುಟದಲ್ಲಿ ನಿಲ್ಲಲೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು, ಇವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳ್ತಾರೆ ಅಂತ ನೋಡಿದರು. ಹೆಣ್ಣು ನೋಡೋಕೆ ಹೋದವರು ಮನೆಯವರು ಕೊಟ್ಟ ಉಪ್ಪಿಟ್ಟು ತಿಂದು ತೀರ್ಮಾನ ಮಾಡ್ತಾರಾ? ಪಕ್ಕದ ಬೀದಿಯಲ್ಲಿ ವಿಚಾರಿಸಿಕೊಂಡು ಬರಲ್ವಾ? ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಮದುವೆಗೆ ಬಳಸಿದ್ದನ್ನು ಮೊಬೈಲಿಗೆ ಬಳಸಲಿಲ್ಲ, ಅಷ್ಟೇ.

ಈ ಮಾತು ಬಂದಾಗಲೆಲ್ಲ ನನಗೆ ಎಚ್. ನರಸಿಂಹಯ್ಯನವರು ನೆನಪಾಗ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದವರು, ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಬದುಕಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಒಂದು ಸಮಿತಿ ಮಾಡಿದರು. ಅದೇ ವರ್ಷ ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕ ಬರಿಗೈಯಿಂದ ವಿಭೂತಿ ಸೃಷ್ಟಿಸ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ಕಣ್ಣಾರೆ ಪರೀಕ್ಷಿಸಿದರು. ವಿಭೂತಿ ಬಟ್ಟೆಯೊಳಗೆ ಮೊದಲೇ ಅಡಗಿತ್ತು. ಮಗುವನ್ನು ಬೈಯೋದು ಏನಿದೆ, ಅದನ್ನು ಕಲಿಸಿದವರು ದೊಡ್ಡವರು.

ನನಗೆ ಹೆಚ್ಚು ಹಿಡಿಸೋದು ಆ ಸಮಿತಿಯ ಹೆಸರು. ಪವಾಡಗಳು ಮತ್ತು ‘ಪರೀಕ್ಷಿಸಿ ನೋಡಬಹುದಾದ’ ಮೂಢನಂಬಿಕೆಗಳ ತನಿಖೆಯ ಸಮಿತಿ ಅದು. ಆ ‘ಪರೀಕ್ಷಿಸಿ ನೋಡಬಹುದಾದ’ ಅನ್ನೋ ಪದವನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆ ನೋಡಿ. ದೇವರಿದ್ದಾನೋ ಇಲ್ವೋ ಅಂತ ತೀರ್ಪು ಕೊಡೋಕೆ ಅವರು ಹೊರಟಿರಲಿಲ್ಲ. ಕೈಯಲ್ಲಿ ಬೂದಿ ಬರುತ್ತೆ ಅಂದ್ರೆ ಅದನ್ನು ನೋಡಬಹುದು, ನೋಡೋಣ. ದೊಡ್ಡಮ್ಮ ಸೋಮವಾರ ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಕಟ್ಟಿ ಮನಸ್ಸು ಹಗುರ ಮಾಡಿಕೊಂಡರೆ ಅಲ್ಲಿ ನಾನು ತನಿಖೆ ಮಾಡುವಂಥದ್ದು ಏನೂ ಇಲ್ಲ. ಆದರೆ ಗ್ರಹಣದ ಹೊತ್ತಿಗೆ ಮಣ್ಣಲ್ಲಿ ಹೂತರೆ ಅಂಗವಿಕಲ ಮಗು ನಡೆಯುತ್ತೆ ಅಂದರೆ, ಅದು ಪರೀಕ್ಷಿಸಬಹುದಾದ ಮಾತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಮಕ್ಕಳನ್ನು ಕುತ್ತಿಗೆಯವರೆಗೆ ಹೂತಿದ್ದನ್ನು ಟಿವಿಯಲ್ಲಿ ನೀವೇ ನೋಡಿದ್ದೀರಿ. ಆ ತಂದೆತಾಯಿಯರನ್ನು ಆಡಿಕೊಳ್ಳೋಕೆ ನನಗೆ ನಾಲಿಗೆ ಏಳಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ಯಾರೋ ಒಬ್ಬರು ‘ಆಗುತ್ತೆ’ ಅಂದರೆ ತಾಯಿ ಮಣ್ಣು ಅಗೆಯದೆ ಇರುತ್ತಾಳಾ? ಅವರಿಗೆ ಆ ಮಾತು ಹೇಳಿದವರನ್ನು ಯಾರೂ ಕೇಳಲಿಲ್ಲವಲ್ಲ, ಹಿಂದಿನ ಗ್ರಹಣದಲ್ಲಿ ಹೂತ ಮಗು ಈಗ ಎಲ್ಲಿದೆ, ನಡೆಯುತ್ತಿದೆಯಾ ಅಂತ. ಸಿಟ್ಟು ಬರೋದು ಅದಕ್ಕೆ.

1976ರ ಬಗ್ಗೆ ಇನ್ನೊಂದು ವಿಚಿತ್ರ ಇದೆ. ಅದೇ ವರ್ಷ ಸಂಸತ್ತು ಸಂವಿಧಾನಕ್ಕೆ 42ನೇ ತಿದ್ದುಪಡಿ ತಂದು, 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳೋದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಅಂತ ಬರೆಯಿತು. ಆಗ ದೇಶದಲ್ಲಿ ಏನಿತ್ತು? ತುರ್ತು ಪರಿಸ್ಥಿತಿ. ಪ್ರಶ್ನೆ ಕೇಳಿದವರು ಜೈಲಿನಲ್ಲಿ, ಪ್ರಶ್ನೆ ಕೇಳೋ ಕರ್ತವ್ಯ ಸಂವಿಧಾನದಲ್ಲಿ! ಆದರೂ ಬರೆದದ್ದು ಉಳಿಯಿತು, ಒಳ್ಳೆಯದೇ ಆಯಿತು.

ಚಿಪ್ಪಿನ ಕಥೆಯನ್ನು ಮೊದಲ ಸಲ ಕಾರ್ಯಕ್ರಮದಲ್ಲಿ ಹೇಳಿ ಕ್ಷಮೆ ಕೇಳಿದಾಗ ಬಂದ ಫೋನುಗಳಲ್ಲಿ ಒಂದು ನೆನಪಿದೆ. ಒಬ್ಬ ಯುವಕ ಬಹಳ ಖುಷಿಯಿಂದ ಹೇಳಿದ: “ಸರ್, ಅದಕ್ಕೇ ನಾನು ಯಾವ ಮೀಡಿಯಾನೂ ನಂಬಲ್ಲ. ಪೇಪರ್ ಇಲ್ಲ, ಟಿವಿ ಇಲ್ಲ. ಯೂಟ್ಯೂಬಲ್ಲಿ ಒಬ್ರಿದಾರೆ, ಅವರು ಹೇಳಿದ್ದು ಮಾತ್ರ ನಂಬ್ತೀನಿ.” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮ್ಮಾ, ಇದು ಸ್ವತಂತ್ರ ಆಗಿದ್ದಲ್ಲ, ಬಾಡಿಗೆ ಮನೆ ಬದಲಾಯಿಸಿದ್ದು. ಎಲ್ಲವನ್ನೂ ನಂಬೋನು, ಏನನ್ನೂ ನಂಬದೋನು, ಇಬ್ಬರಿಗೂ ಕೆಲಸ ಕಡಿಮೆ. ನಡುವೆ ನಿಂತು ಇವರು ಹೇಳಿದ್ದರಲ್ಲಿ ಇದು ಸರಿ, ಅದು ತಪ್ಪು, ಇನ್ನೊಂದು ಗೊತ್ತಿಲ್ಲ ಅಂತ ಬಿಡಿಸುತ್ತಾ ಕೂರೋದು ಬೇಸರದ ಕೆಲಸ. ಅವರೆಕಾಯಿ ಸುಲಿದ ಹಾಗೆ. ಮೊದಲು ಸಿಪ್ಪೆ, ಆಮೇಲೆ ನೆನೆಸಿ ಹಿಸುಕಬೇಕು, ಬೆರಳು ಸುಕ್ಕಾಗುತ್ತೆ. ಡಾಕ್ಟರು, ಎಂಜಿನಿಯರು, ಬ್ಯಾಂಕಿನವರು, ನಂಬದೆ ಬದುಕೋಕೆ ಆಗಲ್ಲ. ನಂಬಿ. ಯಾವ ವಿಷಯಕ್ಕೆ ನಂಬ್ತಿದ್ದೀನಿ, ಇವರಿಗೆ ಇದು ಹೇಗೆ ಗೊತ್ತು ಅಂತ ಮಾತ್ರ ಕೇಳಿಕೊಳ್ಳಿ. ದೊಡ್ಡಮ್ಮ ನನ್ನ ಪ್ರಾಮಾಣಿಕತೆಯನ್ನು ನಂಬಿದ್ದು ಸರಿ ಇತ್ತು. ನೋಟಿನ ತಂತ್ರಜ್ಞಾನದಲ್ಲಿ ನಂಬಿದ್ದು ತಪ್ಪಾಯಿತು. ನನಗೆ ಅದರ ಗಂಧಗಾಳಿ ಇಲ್ಲ ಅಂತ ನಾನೇ ಹೇಳಬೇಕಿತ್ತು.

ಕಷ್ಟ ಇರೋದು ಮನೆಯಲ್ಲಿ. ಅಪರಿಚಿತರ ಸುಳ್ಳು ಹಿಡಿಯೋದು ಸುಲಭ, ಸೋದರಮಾವ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದನ್ನು ಏನು ಮಾಡೋದು? ‘ಎದುರುತ್ತರ ಕೊಡಬೇಡ’ ಅಂತ ಬೆಳೆದವರು ನಾವು. ನಾನು ಮೊದಮೊದಲು ಗ್ರೂಪಿನಲ್ಲೇ ‘ಇದು ಸುಳ್ಳು’ ಅಂತ ಲಿಂಕ್ ಹಾಕುತ್ತಿದ್ದೆ. ಮಾವ ಆರು ತಿಂಗಳು ಮಾತು ಬಿಟ್ಟರು. ಸುಳ್ಳು ಕಳಿಸೋದನ್ನು ಬಿಡಲಿಲ್ಲ. ಈಗ ಬೇರೆಯಾಗಿ ಫೋನ್ ಮಾಡ್ತೀನಿ. “ಮಾವ, ಇದು ಎಲ್ಲಿ ಸಿಕ್ತು ನಿಮಗೆ? ಪೂರ್ತಿ ಇದ್ರೆ ಕಳಿಸಿ” ಅಂತೀನಿ. ಅವರೇ ಹುಡುಕೋಕೆ ಹೊರಡ್ತಾರೆ. ನಾಲ್ಕರಲ್ಲಿ ಒಂದು ಸಲ ಅವರೇ ಅಳಿಸಿಬಿಡ್ತಾರೆ. ಉಳಿದ ಮೂರು ಸಲ ನಾನು ಸೋಲ್ತೀನಿ. ಒಂದು ಸಲವಂತೂ ಅವರು ಕಳಿಸಿದ್ದೇ ನಿಜವಾಗಿತ್ತು, ನಾನು ಸುಳ್ಳು ಅಂದುಕೊಂಡಿದ್ದೆ. ಅದನ್ನು ಮಾವ ಇವತ್ತಿಗೂ ಮರೆತಿಲ್ಲ.

2023ರ ಮೇ 19ರ ಸಂಜೆ ರಿಸರ್ವ್ ಬ್ಯಾಂಕ್ ಎರಡು ಸಾವಿರದ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ನಾನು ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ದೊಡ್ಡಮ್ಮನ ಮೂರು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

“ಎರಡು ಸಾವಿರದ್ದು ನಡೆಯಲ್ವಂತೆ? ದಿಟವಾ?”

“ಹೌದು ದೊಡ್ಡಮ್ಮ. ಆದ್ರೆ ಅವಸರ ಬೇಡ, ಸೆಪ್ಟೆಂಬರ್ ಕೊನೆಯವರೆಗೂ ಬ್ಯಾಂಕಲ್ಲಿ ಬದಲಾಯಿಸ್ಕೋಬಹುದು. ಯಾರ ಕೈಗೂ ಕೊಡಬೇಡ.”

“ನಿಂಗೆ ಯಾರು ಹೇಳಿದ್ದು?”

“ರಿಸರ್ವ್ ಬ್ಯಾಂಕಿನ ಕಾಗದ ನಾನೇ ಓದಿದೆ.”

“ನೀನೇ ಓದಿದ್ಯಾ, ಅವ್ರು ಬರ್ಕೊಟ್ಟಿದ್ದು ಓದಿದ್ಯಾ?”

“ನಾನೇ ಓದಿದೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಸು ಕೂಗಿದ್ದು ಕೇಳಿಸಿತು.

“ಆಯ್ತು ಬಿಡು. ಇರೋದು ಎರಡೇ ನೋಟು. ನಾಳೆ ಪೇಟೆಗೆ ಹೋಗ್ತೀನಲ್ಲ, ಬ್ಯಾಂಕಿನ ಆ ಹುಡುಗೀನೂ ಒಂದು ಮಾತು ಕೇಳ್ತೀನಿ” ಅಂದು ಫೋನ್ ಇಟ್ಟಳು.